ವಿದ್ಯಾಸ್ಥಾನವೂ ಜನಪದವೂ: ಸಾಲೋಟಗಿಯ ಶಾಲೆ ಮತ್ತು ಮುಧೋಳದ ಬೇಟೆನಾಯಿ

ವಿದ್ಯಾಸ್ಥಾನವೊಂದು ತಾನು ನೆಲೆನಿಂತ ನೆಲದ ಜನರಿಂದ ಏನನ್ನು ಪಡೆಯುವುದು, ಪಡೆದುದಕ್ಕೆ ಪ್ರತಿಯಾಗಿ ಏನನ್ನು ಸಲ್ಲಿಸುವುದು ಎಂಬ ಪ್ರಶ್ನೆಯು ಈಚೆಗೆ ಹುಟ್ಟಿದುದೆಂದು ಹಲವರು ಭಾವಿಸಿರುವರು. ಆದರೆ ಕೃಷ್ಣೆ ಭೀಮೆಗಳ ನಡುವಣ ನಾಡಿನಲ್ಲಿ ಸಾವಿರ ವರ್ಷಗಳಿಗೂ ಹಿಂದೆಯೇ ಹಿರಿಯರು ಇದಕ್ಕೆ ಕಲ್ಲಿನ ಮೇಲೆ ಉತ್ತರವನ್ನು ಬರೆಯಿಸಿಟ್ಟಿರುವರು. ಆ ಉತ್ತರವನ್ನೇ ಒರೆಗಲ್ಲಾಗಿಟ್ಟುಕೊಂಡು, ಘಟಪ್ರಭೆಯ ತೀರದ ಮುಧೋಳ ಸೀಮೆಯಲ್ಲಿ ನಮ್ಮ ಕಾಲದಲ್ಲಿ ನಡೆದಿರುವ ಒಂದು ಪ್ರಯತ್ನವನ್ನು ಪರೀಕ್ಷಿಸುವುದೇ ಈ ಲೇಖನದ ಉದ್ದೇಶವು.

ಇಂಡಿ ತಾಲೂಕಿನ ಸಾಲೋಟಗಿಯ ಕಂಬದ ಶಾಸನವು ಶಾಲಿವಾಹನ ಶಕ ೮೬೭, ಎಂದರೆ ಕ್ರಿ. ಶ. ೯೪೫ನೆಯ ವರ್ಷದ್ದು. ಅಂದು ಆ ಊರಿನ ಹೆಸರು ಪಾವಿಟ್ಟಗೆ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ ೨೭ ಮನೆಗಳೂ, ದೀಪದ ಖರ್ಚಿಗೆ ಪ್ರತ್ಯೇಕವಾದ ಭೂಮಿಯೂ ದತ್ತವಾದುವು. ಇವೆಲ್ಲವೂ ಪ್ರಭುಗಳ ಔದಾರ್ಯದಿಂದ ಆದುವು. ಇಂಥ ದಾನಗಳು ಬೇರೆ ಶಾಸನಗಳಲ್ಲಿಯೂ ಕಾಣುತ್ತವೆ. ಈ ಶಾಸನದ ವೈಶಿಷ್ಟ್ಯವು ಮುಂದಿನ ಕಟ್ಟಳೆಯಲ್ಲಿದೆ. ಊರಿನಲ್ಲಿ ಮದುವೆಯಾದರೆ ಐದು ನಾಣ್ಯ, ಉಪನಯನವಾದರೆ ಅದರ ಅರ್ಧ, ಚೌಲವಾದರೆ ಅದರ ಅರ್ಧದಂತೆ ಮನೆಯವರು ಶಾಲೆಗೆ ಸಲ್ಲಿಸಬೇಕು. ಊರಿನಲ್ಲಿ ಸಮಾರಾಧನೆಯಾದಾಗ ಶಾಲೆಯವರಿಗೂ ಯಥಾಶಕ್ತಿ ಊಟವಿಕ್ಕಬೇಕು. ಒಂದು ಮನೆಯ ಮಂಗಳಕಾರ್ಯವು ಶಾಲೆಯ ಪಾಲನ್ನು ತೆಗೆದಿರಿಸದೆ ಮುಗಿಯುತ್ತಿರಲಿಲ್ಲ. ಅರಸನು ಕೊಟ್ಟ ಭೂಮಿಯನ್ನು ಇನ್ನೊಬ್ಬ ಅರಸನು ಕಸಿದುಕೊಳ್ಳಬಹುದು. ಮನೆಮನೆಯ ಸಂಸ್ಕಾರಗಳೊಡನೆ ಹೆಣೆದುಕೊಂಡ ಕಟ್ಟಳೆಯನ್ನು ಕೀಳುವುದು ಸುಲಭವಲ್ಲ. ಶಾಲೆಯಿದ್ದ ಪಾವಿಟ್ಟಗೆಯೇ ಕಾಲಕ್ರಮದಲ್ಲಿ ಸಾಲೋಟಗಿಯಾಯಿತೆಂಬ ವಿದ್ವಾಂಸರ ಊಹೆಯು ನಿಜವಾದರೆ, ಕಟ್ಟಡವಳಿದ ಮೇಲೂ ಊರು ತನ್ನ ಶಾಲೆಯನ್ನು ಹೆಸರಿನಲ್ಲಿ ಹೊತ್ತುಕೊಂಡಿದೆ ಎನ್ನಬೇಕು.

ಹಾಗೆಂದು ಹಿಂದಿನದೆಲ್ಲವೂ ಕೊರತೆಯಿಲ್ಲದುದೆಂಬುದು ನಮ್ಮ ಅಭಿಪ್ರಾಯವಲ್ಲ. ಆ ಶಾಲೆಯು ವೇದಶಾಸ್ತ್ರಗಳನ್ನೋದುವ ಬ್ರಾಹ್ಮಣ ವಿದ್ಯಾರ್ಥಿಗಳದು. ಶಾಸನ ಹುಟ್ಟಿದ ನಾಲ್ಕು ವರ್ಷಗಳ ಮೇಲೆ, ೯೪೯ರಲ್ಲಿ, ಮುದುವೊಳಲೆಂಬ ಇಂದಿನ ಮುಧೋಳದಲ್ಲಿ ಬಳೆಗಾರರ ಮನೆಯಲ್ಲಿ ರನ್ನನು ಹುಟ್ಟಿದನು. ಮುಂದೆ ಕವಿಚಕ್ರವರ್ತಿಯೆನಿಸಿದ ಈ ಜೈನ ಬಾಲಕನು ವಿದ್ಯೆಗಾಗಿ ಮನೆ ಬಿಟ್ಟು ದೂರದ ಗಂಗನಾಡಿಗೆ ಹೋಗಿ ಅಜಿತಸೇನಾಚಾರ್ಯರ ಪಾದಗಳನ್ನಾಶ್ರಯಿಸಬೇಕಾಯಿತು. ಸಮೀಪದ ಶಾಲೆಯು ಸುತ್ತಲಿನವರೆಲ್ಲರ ಶಾಲೆಯಾಗಿರಲಿಲ್ಲ. ಅಲ್ಲದೆ ಓದು ಬರಹವಿಲ್ಲದ ಜನರಲ್ಲಿಯೂ ವಿದ್ಯೆಯುಂಟೆಂಬುದನ್ನು ಅಂಥ ಶಾಲೆಗಳು ಗಣಿಸಿದಂತೆ ತೋರುವುದಿಲ್ಲ. ಮುಧೋಳ ಸೀಮೆಯವರ ಅಂಥ ವಿದ್ಯೆಗಳಲ್ಲಿ ಒಂದು ಬೇಟೆನಾಯಿಯ ಪಾಲನೆಯು.

ಕನ್ನಡಿಗರು ನಾಯಿಯನ್ನು ಮನ್ನಿಸಿದುದಕ್ಕೆ ಆತಕೂರಿನ ಕಲ್ಲೇ ಸಾಕ್ಷಿ. ರನ್ನನು ಹುಟ್ಟಿದ ಕಾಲಕ್ಕೇ ಸೇರಿದ ಈ ಶಾಸನದಲ್ಲಿ, ಗಂಗರ ಬೂತುಗನು ಮಣಲೆರನೆಂಬ ವೀರನಿಗೆ ಕಾಳಿಯೆಂಬ ನಾಯಿಯನ್ನು ಮೆಚ್ಚಿ ಕೊಟ್ಟುದೂ, ಅದು ಹಂದಿಯೊಡನೆ ಹೋರಾಡಿ ಎರಡೂ ಸತ್ತುದೂ, ಅದಕ್ಕಾಗಿ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟುದೂ ಹೇಳಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಸಾರಮೇಯವಿನೋದವೆಂಬ ಪ್ರಕರಣವೇ ಉಂಟು. ಆದರೆ ಕಲ್ಲು ಪ್ರಭುವಿನ ಹೆಸರನ್ನೂ ನಾಯಿಯ ಹೆಸರನ್ನೂ ಉಳಿಸಿತು. ಮರಿಯನ್ನು ಸಾಕಿ ಬೆಳೆಸಿದವನ ಹೆಸರನ್ನು ಹೇಳಲಿಲ್ಲ.

ಇಂದಿನ ಮುಧೋಳದ ನಾಯಿಯು ನೀಳವಾದ ತಲೆ, ಆಳವಾದ ಎದೆ, ಸಣ್ಣ ನಡು, ಉದ್ದವಾದ ಕಾಲುಗಳುಳ್ಳದ್ದು. ಮೂಗಿಗಿಂತ ಕಣ್ಣನ್ನೇ ನಂಬಿ ಮೊಲದ ಬೆನ್ನಟ್ಟುವ ಜಾತಿ ಇದು. ಇದರ ಪೂರ್ವಜರು ಪಶ್ಚಿಮ ಮತ್ತು ಮಧ್ಯ ಏಶಿಯಾಗಳಿಂದ ಬಂದ ಬೇಟೆನಾಯಿಗಳೆಂದು ಬಲ್ಲವರ ಅಭಿಪ್ರಾಯವು. ಕಾರವಾನಿ ಎಂಬ ಇನ್ನೊಂದು ಹೆಸರೂ ವರ್ತಕರ ಸಾರ್ಥಗಳನ್ನು ನೆನಪಿಗೆ ತರುತ್ತದೆ. ಮುಧೋಳವನ್ನಾಳಿದ ಘೋರ್ಪಡೆ ಮನೆತನದ ಮಾಲೋಜಿರಾಯರು ಈ ತಳಿಗೆ ಆಶ್ರಯವಿತ್ತರು. ಅವರು ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ನಾಯಿಗಳನ್ನು ಕಾಣಿಕೆಯಾಗಿತ್ತರೆಂಬ ಮಾತು ಪ್ರಸಿದ್ಧವಾಗಿದೆ. ೧೯೪೮ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಲು ಅರಮನೆಯ ಆಶ್ರಯವು ಕೊನೆಗೊಂಡಿತು. ಆದರೂ ತಳಿ ಅಳಿಯಲಿಲ್ಲ. ಹಳ್ಳಿಗಳಲ್ಲಿ ರೈತರೂ ಕುರಿಗಾರರೂ ಬೇಟೆಗಾರರೂ ಹೊಲ ಮನೆ ಹಿಂಡುಗಳ ಕಾವಲಿಗೆಂದು ಅದನ್ನು ಸಾಕಿ, ತಾಯಿ ಯಾವುದು ತಂದೆ ಯಾವುದು ಎಂಬುದನ್ನು ಬರಿಯ ನೆನಪಿನಲ್ಲಿಯೇ ಕಾಪಾಡಿಕೊಂಡು ಬಂದರು. ಶ್ರುತಿಪರಂಪರೆಯಿಂದ ವೇದವುಳಿಯಿತೆಂದು ಹೆಮ್ಮೆಪಡುವ ನಾವು ಈ ಪರಂಪರೆಯನ್ನು ಕೀಳೆಂದೆಣಿಸಲು ಕಾರಣವಿಲ್ಲ.

ಇಂಥ ಸಮಯದಲ್ಲಿ ವಿಶ್ವವಿದ್ಯಾನಿಲಯದ ಪ್ರವೇಶವಾಯಿತು. ಬೀದರದಲ್ಲಿ ೨೦೦೪ರಲ್ಲಿ ಸ್ಥಾಪಿತವಾದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾನಿಲಯವು ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವೊಂದನ್ನು ತೆರೆದಿದೆ. ೧೯೬೯ರಲ್ಲಿ ಹುಟ್ಟಿದ ಮಂಗಳೂರಿನ ಮೀನುಗಾರಿಕೆಯ ಕಾಲೇಜೂ ಇದೇ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದು. ಕಡಲ ತಡಿಯಲ್ಲಿ ಮೊಗವೀರರ ಅನುಭವವೂ ಇಲ್ಲಿ ಕುರಿಗಾರನ ಅನುಭವವೂ ಒಂದೇ ವಿದ್ಯಾಪೀಠದ ಬಾಗಿಲಿಗೆ ಬಂದು ನಿಂತಿವೆ. ತಿಮ್ಮಾಪುರದ ಕೇಂದ್ರವು ಶುದ್ಧ ತಳಿಯ ನಾಯಿಗಳನ್ನು ಸಾಕಿ, ಮರಿಗಳನ್ನು ಹಂಚಿ, ರೋಗನಿವಾರಣೆಯ ಕ್ರಮಗಳನ್ನು ತಿಳಿಸುತ್ತದೆ. ಸುತ್ತಲಿನ ಮನೆಗಳಿಗೆ ಮರಿಗಳ ಮಾರಾಟವು ಜೀವನೋಪಾಯವಾಗಿದೆ. ಕೇಂದ್ರಕ್ಕೆ ಮೂಲದ್ರವ್ಯವಾದ ನಾಯಿಗಳು ದೊರೆತದ್ದಾದರೋ ಆ ಸೀಮೆಯ ಜನರು ಉಳಿಸಿದ ಸಂತತಿಯಿಂದಲೇ.

ಈ ನಡುವೆ ತಳಿಯ ಕೀರ್ತಿಯು ಬಲು ಬೇಗನೆ ಬೆಳೆಯಿತು. ೨೦೦೫ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಇದರ ಚಿತ್ರ ಬಂದಿತು. ೨೦೧೬ರಲ್ಲಿ ಸೈನ್ಯದವರು ಮರಿಗಳನ್ನು ತರಬೇತಿಗಾಗಿ ಮೀರತ್ತಿಗೆ ಒಯ್ದರು. ೨೦೨೦ರಲ್ಲಿ ಪ್ರಧಾನಮಂತ್ರಿಗಳು ತಮ್ಮ ಆಕಾಶವಾಣಿಯ ಭಾಷಣದಲ್ಲಿ ಇದರ ಹೆಸರನ್ನೆತ್ತಿದರು. ಕೀರ್ತಿಯೊಡನೆ ಬೆಲೆಯೂ, ಬೆಲೆಯೊಡನೆ ಅನ್ಯ ತಳಿಗಳನ್ನು ಬೆರೆಸಿ ಮಾರುವ ಆಸೆಯೂ ಬರುವುದು ಲೋಕಸ್ವಭಾವವು. ಕೊಳ್ಳುವವರು ದೂರದವರಾದಾಗ ನೆನಪೊಂದೇ ಪ್ರಮಾಣವಾಗಲಾರದು, ಬರೆದ ವಂಶಾವಳಿ ಬೇಕು. ಆದರೆ ಆ ವಂಶಾವಳಿಯ ಮೊದಲ ಪುಟವನ್ನು ತುಂಬಿಸಬೇಕಾದವರು ಹಳ್ಳಿಯ ಮುದುಕರೇ. ಅವರಿಲ್ಲದೆ ಕೇಂದ್ರದ ದಾಖಲೆಯು ನಡುವಿನಿಂದ ಹರಿದ ಓಲೆಗರಿಯಂತಾಗುವುದು.

ಹೀಗೆ ನೋಡಲು, ಸಾಲೋಟಗಿಯ ಕಟ್ಟಳೆಗೂ ತಿಮ್ಮಾಪುರದ ಪ್ರಯತ್ನಕ್ಕೂ ಇರುವ ಭೇದವು ಸ್ಪಷ್ಟವಾಗುತ್ತದೆ. ಅಲ್ಲಿ ಊರು ಶಾಲೆಗೆ ಧನವನ್ನಿತ್ತಿತು. ಇಲ್ಲಿ ಊರು ವಿದ್ಯಾಪೀಠಕ್ಕೆ ವಿದ್ಯೆಯನ್ನೇ ಇತ್ತಿದೆ. ಅಲ್ಲಿ ಕೊಟ್ಟವರ ಧರ್ಮವು ಕಲ್ಲಿನ ಮೇಲೆ ದಾಖಲಾಯಿತು. ಇಲ್ಲಿ ಕೊಟ್ಟವರ ಹೆಸರುಗಳೂ ಹಾಗೆಯೇ ದಾಖಲಾಗಬೇಕು. ನಾಯಿಯ ವಂಶಾವಳಿಯ ಪಕ್ಕದಲ್ಲಿ ಅದನ್ನು ಸಾಕಿದ ಮನೆಯ ಹೆಸರನ್ನೂ, ಆ ಮನೆಯವರು ಹೇಳುವ ಲಕ್ಷಣಗಳನ್ನೂ ಅವರ ನುಡಿಯಲ್ಲಿಯೇ ಬರೆದಿಡುವುದಾದರೆ, ಆತಕೂರಿನ ಕಲ್ಲು ಮರೆತುದನ್ನು ಮುಧೋಳವು ತುಂಬಿಕೊಟ್ಟಂತಾಗುವುದು. ರನ್ನನಂಥ ಬಾಲಕನೊಬ್ಬನು ವಿದ್ಯೆಗಾಗಿ ಊರು ಬಿಡಬೇಕಾಗಿದ್ದ ನೆಲದಲ್ಲಿ ಈಗ ವಿದ್ಯಾಪೀಠವೇ ಕಲಿಯಲೆಂದು ಊರಿಗೆ ಬಂದಿದೆ. ಬಂದ ಅತಿಥಿಯು ಮನೆಯವರಿಂದ ಕಲಿತುದನ್ನು ಮನೆಯವರ ಹೆಸರಿನಲ್ಲಿಯೇ ಹೇಳುವುದು ಋಣಪರಿಹಾರದ ಮೊದಲ ಮೆಟ್ಟಿಲು.