ಖಾಲಿ ಟೇಬಲ್‌ನಿಂದ ಪ್ರೊಡಕ್ಷನ್ ನಕಲಿನವರೆಗೆ: ಡೇಟಾಬೇಸ್ ಮೈಗ್ರೇಶನ್ ಪರೀಕ್ಷೆಯ ಚರಿತ್ರೆ

ಬಳಕೆಯಲ್ಲಿರುವ ಡೇಟಾಬೇಸಿನ ಸ್ಕೀಮಾ ಎಷ್ಟು ಬದಲಾಗುತ್ತದೆ ಎಂಬುದನ್ನು ಅಂಕಿಗಳಲ್ಲಿ ಹಿಡಿದಿಟ್ಟವರಲ್ಲಿ ಡಾಗ್ ಶೋಬರ್ಗ್ ಮೊದಲಿಗರ ಸಾಲಿಗೆ ಸೇರುತ್ತಾರೆ. 1993ರಲ್ಲಿ ಪ್ರಕಟವಾದ ಅವರ ಅಧ್ಯಯನದ ವಸ್ತು ಒಂದು ಆರೋಗ್ಯ ನಿರ್ವಹಣಾ ವ್ಯವಸ್ಥೆ. 18 ತಿಂಗಳಲ್ಲಿ ಅದರ ಟೇಬಲ್‌ಗಳು ಶೇ. 139ರಷ್ಟು, ಕಾಲಂಗಳು ಶೇ. 274ರಷ್ಟು ಹೆಚ್ಚಿದ್ದವು. ವಿಕಿಪೀಡಿಯದ ಸ್ಕೀಮಾ ನಾಲ್ಕೂವರೆ ವರ್ಷಗಳಲ್ಲಿ 171 ಆವೃತ್ತಿಗಳನ್ನು ಕಂಡಿದ್ದನ್ನು ಕಾರ್ಲೊ ಕುರಿನೊ ಮತ್ತು ಸಂಗಡಿಗರು 2008ರಲ್ಲಿ ದಾಖಲಿಸಿದರು. ಬದಲಾವಣೆ ಇಷ್ಟು ಬಿರುಸಾಗಿದ್ದರೂ ಅದನ್ನು ಮೊದಲೇ ಪರೀಕ್ಷಿಸಿ ನೋಡುವ ರೂಢಿ ತಡವಾಗಿ ಬಂತು. ಅನೇಕ ಕಡೆ ಸ್ಕೀಮಾ ಬದಲಾವಣೆಯನ್ನು ಡೇಟಾಬೇಸ್ ನಿರ್ವಾಹಕರು (ಡಿಬಿಎ) ನೇರವಾಗಿ ಸರ್ವರ್‌ನಲ್ಲೇ ಮಾಡಿ ಮುಗಿಸುತ್ತಿದ್ದರು. ಮತ್ತೊಮ್ಮೆ ಓಡಿಸಿ ನೋಡಲು ಸ್ಕ್ರಿಪ್ಟ್ ಎಂಬುದೇ ಉಳಿಯುತ್ತಿರಲಿಲ್ಲ.

ಆ ಸ್ಕ್ರಿಪ್ಟನ್ನು ಕೋಡಿನ ಜೊತೆಗೇ ಕಾಪಿಡಬೇಕು, ಪ್ರತಿಯೊಬ್ಬ ಡೆವಲಪರ್‌ಗೂ ತನ್ನದೇ ಡೇಟಾಬೇಸ್ ಇರಬೇಕು ಎಂದು ಮಾರ್ಟಿನ್ ಫೌಲರ್ ಮತ್ತು ಪ್ರಮೋದ್ ಸದಾಲಗೆ 2003ರ ಲೇಖನವೊಂದರಲ್ಲಿ ವಾದಿಸಿದರು. ಅದನ್ನು ಮನೆಮಾತಾಗಿಸಿದ್ದು ರೂಬಿ ಆನ್ ರೈಲ್ಸ್. ಅಲ್ಲಿ ಮೈಗ್ರೇಶನ್ ಎಂದು ಕರೆಯುವ ಈ ಸ್ಕ್ರಿಪ್ಟ್ ಫೈಲುಗಳಿಗೆ ಮೊದಲು 1, 2, 3 ಎಂದು ಸರಣಿ ಸಂಖ್ಯೆ ಇತ್ತು. ಇಬ್ಬರು ಒಂದೇ ದಿನ ಒಂದೇ ಸಂಖ್ಯೆಯ ಫೈಲು ಬರೆದು ಗೊಂದಲವಾಗುವುದು ಸಾಮಾನ್ಯವಾದಾಗ, 2008ರ 2.1 ಆವೃತ್ತಿಯಲ್ಲಿ ಸಂಖ್ಯೆಯ ಜಾಗಕ್ಕೆ ಸಮಯಮುದ್ರೆ ಬಂತು. ಜಾವಾ ಲೋಕದಲ್ಲಿ ಲಿಕ್ವಿಬೇಸ್ (2006), ಫ್ಲೈವೇ (2010) ಇದೇ ಕೆಲಸಕ್ಕೆ ನಿಂತವು.

ಇದರಿಂದ ಹುಟ್ಟಿದ ಮೊದಲ ತಲೆಮಾರಿನ ಸ್ವಯಂಚಾಲಿತ ಪರೀಕ್ಷೆ ಸರಳವಾದದ್ದು: ಹೊಸ ಡೇಟಾಬೇಸ್ ತೆರೆ, ಎಲ್ಲ ಮೈಗ್ರೇಶನ್‌ಗಳನ್ನೂ ಕ್ರಮವಾಗಿ ಓಡಿಸು, ದೋಷ ಬಂದರೆ ಬಿಲ್ಡ್ ನಿಲ್ಲಿಸು. ಅಕ್ಷರದೋಷ, ಕ್ರಮದ ತಪ್ಪು, ಇಲ್ಲದ ಕಾಲಂ ಇವೆಲ್ಲ ಇಲ್ಲಿ ಸಿಕ್ಕಿಬೀಳುತ್ತವೆ. ಆದರೆ ಈ ಪರೀಕ್ಷೆ ನಡೆಯುವುದು ಖಾಲಿ ಟೇಬಲ್‌ಗಳ ಮೇಲೆ, ಮತ್ತು ಖಾಲಿ ಟೇಬಲ್ ಯಾವುದಕ್ಕೂ ಇಲ್ಲ ಎನ್ನುವುದಿಲ್ಲ. ಕಾಲಂಗೆ ‘ನಾಟ್ ನಲ್’ ನಿರ್ಬಂಧ ಹಾಕಿದರೆ ಅಲ್ಲಿ ತಕ್ಷಣ ಪಾಸು. ಪ್ರೊಡಕ್ಷನ್‌ನಲ್ಲಿ ಎಂದೋ ನಲ್ ಆಗಿ ಉಳಿದ ಒಂದೇ ಒಂದು ಸಾಲು ಸಾಕು, ಫೇಲು.

ಇದಕ್ಕಿಂತ ನವಿರಾದ ತೊಂದರೆ ಲಾಕ್‌ಗಳದ್ದು. ಪೋಸ್ಟ್‌ಗ್ರೆಸ್‌ನಲ್ಲಿ ದೊಡ್ಡ ಟೇಬಲ್ಲೊಂದರ ಮೇಲೆ ಹತ್ತು ನಿಮಿಷದ ವರದಿಯ ಕ್ವೆರಿ ಓಡುತ್ತಿದೆ ಎನ್ನಿ. ಆಗ ಬರುವ ‘ಆಲ್ಟರ್ ಟೇಬಲ್’ ಆದೇಶಕ್ಕೆ ಸಾಮಾನ್ಯವಾಗಿ ಇಡೀ ಟೇಬಲ್ ತನಗೊಬ್ಬನಿಗೇ ಬೇಕು, ಹಾಗಾಗಿ ಅದು ಕಾಯುತ್ತದೆ. ಅದರ ನಂತರ ಬರುವ ಪ್ರತಿ ಸಣ್ಣ ‘ಸೆಲೆಕ್ಟ್’ ಕೂಡ ಅದರ ಹಿಂದೆ ಸಾಲುಗಟ್ಟುತ್ತದೆ. ಕೆಲವೇ ಮಿಲಿಸೆಕೆಂಡಿನ ಆದೇಶದಿಂದ ಇಡೀ ಸೇವೆ ಹತ್ತು ನಿಮಿಷ ಸ್ತಬ್ಧ. ಆವೃತ್ತಿಯ ವ್ಯತ್ಯಾಸವೂ ಸಣ್ಣದಲ್ಲ: ಸ್ಥಿರವಾದ ಡಿಫಾಲ್ಟ್ ಮೌಲ್ಯದ ಹೊಸ ಕಾಲಂ ಸೇರಿಸಿದರೆ 2018ರ ಪೋಸ್ಟ್‌ಗ್ರೆಸ್ 11ಕ್ಕೂ ಹಿಂದಿನ ಆವೃತ್ತಿಗಳು ಇಡೀ ಟೇಬಲನ್ನು ಮರುಬರೆಯುತ್ತಿದ್ದವು. ಸ್ಕ್ರಿಪ್ಟ್ ಒಂದೇ, ನಡತೆ ಎರಡು. ಲ್ಯಾಪ್‌ಟಾಪಿನ ಎಸ್‌ಕ್ಯೂಲೈಟ್‌ನಲ್ಲಿ ಪರೀಕ್ಷಿಸಿ ಪ್ರೊಡಕ್ಷನ್‌ನ ಮೈಎಸ್‌ಕ್ಯೂಎಲ್‌ಗೆ ಏರಿಸುವ ಅಭ್ಯಾಸವನ್ನು ಪರೀಕ್ಷೆ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಹೀಗಾಗಿ ಎರಡನೆಯ ತಲೆಮಾರು ನಿಜವಾದ ಡೇಟಾದ ಕಡೆಗೆ ಹೊರಳಿತು. ಗಿಟ್‌ಹಬ್ 2016ರಲ್ಲಿ ಬಿಡುಗಡೆ ಮಾಡಿದ ‘ಗೋಸ್ಟ್’ ಎಂಬ ಮೈಎಸ್‌ಕ್ಯೂಎಲ್ ಸಾಧನ ಇಲ್ಲಿ ಮುಖ್ಯ. ಅದು ಮೂಲ ಟೇಬಲನ್ನು ಮುಟ್ಟದೆ ಪಕ್ಕದಲ್ಲೊಂದು ಹೊಸ ಟೇಬಲ್ ಕಟ್ಟಿ, ಬೈನರಿ ಲಾಗ್ ಓದುತ್ತ ಬದಲಾವಣೆಗಳನ್ನು ಅಲ್ಲಿಗೆ ತುಂಬುತ್ತದೆ. ಪರೀಕ್ಷೆಯ ಅನುಕೂಲವೂ ಅದರಲ್ಲೇ ಇದೆ. ರೆಪ್ಲಿಕಾ ಒಂದರ ಮೇಲೆ ಪೂರ್ತಿ ಮೈಗ್ರೇಶನ್ ನಡೆಸಿ, ಕೊನೆಯಲ್ಲಿ ರೆಪ್ಲಿಕೇಶನ್ ನಿಲ್ಲಿಸಿ, ಹಳೆಯ ಮತ್ತು ಹೊಸ ಟೇಬಲ್‌ಗಳನ್ನು ಹೋಲಿಸಲು ಬಿಡುತ್ತದೆ. ಗಿಟ್‌ಹಬ್ ಬಳಕೆದಾರರ ದಟ್ಟಣೆಯಿಲ್ಲದ ರೆಪ್ಲಿಕಾಗಳನ್ನು ಇದಕ್ಕೆಂದೇ ಮೀಸಲಿಟ್ಟು, ತನ್ನ ಟೇಬಲ್‌ಗಳ ಮೇಲೆ ಒಂದಾದ ನಂತರ ಒಂದರಂತೆ ಬಿಡುವಿಲ್ಲದೆ ಪ್ರಯೋಗ ನಡೆಸಿ ಚೆಕ್‌ಸಮ್ ತಾಳೆ ನೋಡುತ್ತಿತ್ತು. ‘ಸ್ಕ್ರಿಪ್ಟ್ ಓಡುತ್ತದೆಯೇ’ ಎಂಬ ಪ್ರಶ್ನೆ ‘ಸಾಲುಗಳೆಲ್ಲ ಹಾಗೇ ಇವೆಯೇ’ ಎಂದಾದದ್ದು ಇಲ್ಲಿ.

ದೊಡ್ಡ ಡೇಟಾಬೇಸನ್ನು ಪ್ರತಿ ಪರೀಕ್ಷೆಗೂ ನಕಲು ಮಾಡುವುದು ದುಬಾರಿ. ಬರೆದ ಬ್ಲಾಕ್‌ಗಳನ್ನಷ್ಟೇ ಪ್ರತ್ಯೇಕವಾಗಿ ಇಡುವ ಝಡ್‌ಎಫ್‌ಎಸ್ ಫೈಲ್ ವ್ಯವಸ್ಥೆಯ ಕ್ಲೋನ್‌ಗಳು ಆ ಅಡ್ಡಿಯನ್ನು ನಿವಾರಿಸಿದವು. ಪೋಸ್ಟ್‌ಗ್ರೆಸ್‌ಗಾಗಿ ಇರುವ ‘ಡೇಟಾಬೇಸ್ ಲ್ಯಾಬ್’ ಎಂಬ ಸಾಧನ ಮುಖ್ಯವಾಗಿ ಇದರ ಮೇಲೆ ನಿಂತಿದೆ. ಇಂಥ ಕ್ಲೋನ್ ಮೇಲೆ ಮೈಗ್ರೇಶನ್ ಓಡಿಸಿ, ಎಷ್ಟು ಹೊತ್ತು ಹಿಡಿಯಿತು, ಯಾವ ಕ್ವೆರಿ ನಿಧಾನವಾಯಿತು, ಡೇಟಾಬೇಸ್ ಗಾತ್ರ ಎಷ್ಟು ಏರಿತು ಎಂಬುದನ್ನು ಕೋಡ್ ಪರಿಶೀಲಿಸುವವರ ಮುಂದಿಡುವ ಪದ್ಧತಿಯನ್ನು ಗಿಟ್‌ಲ್ಯಾಬ್ ಅಳವಡಿಸಿಕೊಂಡಿತು.

ನಿಜದ ಡೇಟಾ ಎಂದರೆ ನಿಜದ ಜನರ ವಿವರ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂಥ ಕಾನೂನುಗಳ ಕಾಲದಲ್ಲಿ ಅದನ್ನು ಪರೀಕ್ಷೆಗೆ ಹಾಗೇ ಸುರಿಯುವಂತಿಲ್ಲ; ಹೆಸರು, ವಿಳಾಸಗಳನ್ನು ಮರೆಮಾಚಬೇಕು. ಈ ಮರೆಮಾಚುವಿಕೆ ಕನ್ನಡದ ಡೇಟಾಕ್ಕೆ ಬೇರೆಯೇ ಕಷ್ಟ ತರಬಲ್ಲದು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ‘ಶ್ರೀಕೃಷ್ಣ’ ಎಂಬಲ್ಲಿ 9 ಸಂಕೇತಗಳಿವೆ, ಅಂದರೆ 27 ಬೈಟ್. ಆರೇಕಲ್‌ನಲ್ಲಿ ಕಾಲಂನ ಅಳತೆ ರೂಢಿಯಂತೆ ಬೈಟ್‌ಗಳಲ್ಲಿ ಇರುತ್ತದೆ; 20ರ ಕಾಲಂಗೆ ಈ ಹೆಸರು ಹಿಡಿಸದು. ಮರೆಮಾಚುವ ಸಾಧನ ಇದರ ಬದಲು ಇಂಗ್ಲಿಷ್ ಲಿಪಿಯ ಯಾವುದೋ ಹತ್ತಕ್ಷರದ ಹೆಸರಿಟ್ಟರೆ ಅದು 10 ಬೈಟ್‌ಗಳಲ್ಲಿ ಮುಗಿಯುತ್ತದೆ. ಪರೀಕ್ಷೆ ಪಾಸಾಗಿ, ಪ್ರೊಡಕ್ಷನ್‌ನಲ್ಲಿ ಮೈಗ್ರೇಶನ್ ಇಂಥ ಮೊದಲ ಕನ್ನಡ ಹೆಸರಿಗೇ ಮುಗ್ಗರಿಸುತ್ತದೆ. ಆದ್ದರಿಂದ ಬದಲಿ ಹೆಸರನ್ನು ಅದೇ ಲಿಪಿಯಲ್ಲಿ, ಅಷ್ಟೇ ಬೈಟ್ ಉದ್ದದಲ್ಲಿ ಹುಟ್ಟಿಸುವಂತೆ ಸಾಧನವನ್ನು ಹೊಂದಿಸಬೇಕು.