ಭಂಗಾರ್‌ವಾಲಾ ಬೇಡವೆಂದ ಹಾಳೆ

ಮೊನ್ನೆ ಮನೆಯ ರದ್ದಿಯನ್ನೆಲ್ಲ ಭಂಗಾರ್‌ವಾಲಾನ ಮುಂದೆ ಸುರಿದೆ. ಪೇಪರು, ಬಾಟಲಿ, ಹಾಲಿನ ತೊಟ್ಟೆ ಎಲ್ಲ ತೂಗಿದ. ಚಿಪ್ಸು, ಬಿಸ್ಕತ್ತಿನ ಖಾಲಿ ಪ್ಯಾಕೆಟ್ಟುಗಳನ್ನು ಮಾತ್ರ ಬದಿಗೆ ತಳ್ಳಿ, "ಇದು ಬೇಡ ಅಂಕಲ್" ಅಂದ. ನನಗೆ ನಗು ಬಂತು. ಒಂದು ಕಾಲದಲ್ಲಿ ನನಗೆ ಅನ್ನ ಹಾಕಿದ್ದೇ ಈ ಪ್ಯಾಕೆಟ್ಟುಗಳು!

ಅದು 1980ರ ದಶಕ. ಭಾಂಡುಪ್ ಎಂದರೆ ಆಗ ಕಾರ್ಖಾನೆಗಳ ಊರು; ಸಿಯೆಟ್ ಟಯರು, ಏಷ್ಯನ್ ಪೇಂಟ್ಸ್... ದೊಡ್ಡ ಕಂಪೆನಿಗಳಲ್ಲಿ ಕೆಲಸ ಸಿಗದ ನಮ್ಮಂಥವರಿಗೆ ಸಣ್ಣ ಗಾಳಾಗಳೇ ಗತಿ. ಪ್ಯಾಕೆಟ್ಟುಗಳಿಗೆ ಅಚ್ಚು ಹಾಕುವ ಒಂದು ಗಾಳಾದಲ್ಲಿ ನಾನು ಚಲನ್ ಬರೆಯುತ್ತಿದ್ದೆ.

ಅಲ್ಲಿಗೆ ಬರುತ್ತಿದ್ದ ಹೊಳೆಯುವ ರೋಲುಗಳೇ ಪಾಲಿಯೆಸ್ಟರ್ ಫಿಲ್ಮ್. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಕಂಡುಹಿಡಿದದ್ದು ಬಟ್ಟೆಯ ನೂಲಿಗಾಗಿ. 1950ರ ದಶಕದಲ್ಲಿ ಅದೇ ವಸ್ತು ಮೈಲಾರ್, ಮೆಲಿನೆಕ್ಸ್ ಎಂಬ ಹೆಸರುಗಳಲ್ಲಿ ಹಾಳೆಯಾಯಿತು. ನಮ್ಮ ದೇಶದಲ್ಲಿ 1970ರ ದಶಕದಲ್ಲಿ ಗರವಾರೆಯವರು ಅಂದಿನ ಔರಂಗಾಬಾದಿನಲ್ಲಿ ತಯಾರಿಸತೊಡಗಿದರು.

ಕರಗಿಸಿದ ಪಾಲಿಯೆಸ್ಟರನ್ನು ತಣ್ಣನೆಯ ಉರುಳೆಯ ಮೇಲೆ ಹರಿಸಿ, ಉದ್ದಕ್ಕೂ ಅಗಲಕ್ಕೂ ಎಳೆಯುತ್ತಾರೆ. ಹೀಗೆ ಎಳೆದದ್ದರಿಂದಲೇ ಅದಕ್ಕೆ ಬಲ. ಪ್ಯಾಕೆಟ್ಟಿಗೆ ಸಾಮಾನ್ಯವಾಗಿ 12 ಮೈಕ್ರಾನ್ ಸಾಕು. ಕೂದಲೆಳೆಗಿಂತ ಎಷ್ಟೋ ತೆಳು! ಅದರ ಒಳಮೈಗೆ ಅಚ್ಚು, ಅಲ್ಯೂಮಿನಿಯಮ್ಮಿನ ಹೊಳಪು. ಆದರೆ ಪಾಲಿಯೆಸ್ಟರ್ ಬಿಸಿ ತಾಗಿದರೆ ಸುಲಭವಾಗಿ ಅಂಟುವುದಿಲ್ಲ. ಬಾಯಿ ಮುಚ್ಚಲು ಒಳಗೆ ಪಾಲಿಥೀನ್ ಪದರ ಬೇಕೇ ಬೇಕು. ಹೀಗೆ ಗಾಳಿ, ತೇವ ಒಳಹೋಗದಂತೆ ತಡೆದದ್ದರಿಂದಲೇ ಮುಂಬಯಿಯ ಮಳೆಗಾಲದಲ್ಲೂ ಚಿಪ್ಸು ಗರಿಗರಿ.

ನಮ್ಮ ಮಾಸ್ತರ ಪ್ರತಿ ರೋಲಿನ ತುದಿಯನ್ನು ಉಗುರಿನಿಂದ ಕೆರೆದು ನೋಡುತ್ತಿದ್ದ. ಪದರ ಬಿಟ್ಟುಕೊಂಡರೆ ಮಾಲು ರಿಜೆಕ್ಟ್. ಬಿಡದಂತೆ ಅಂಟಿಸುವುದೇ ನಮ್ಮ ಹೆಮ್ಮೆ.

ಊರಿನ ಅಡಿಕೆಯೂ ಪಾನ್ ಮಸಾಲೆಯಾಗಿ ಇಂಥ ಸ್ಯಾಚೆಟ್ಟುಗಳಲ್ಲೇ ದೇಶವೆಲ್ಲ ಸುತ್ತಿತು. 2011ರಲ್ಲಿ ಗುಟ್ಕಾ, ಪಾನ್ ಮಸಾಲೆಗೆ ಪ್ಲಾಸ್ಟಿಕ್ ಸ್ಯಾಚೆಟ್ ನಿಷೇಧವಾದಾಗ ತೋಟದವರು ಅಡಿಕೆಯ ಧಾರಣೆ ಏನಾಗುವುದೋ ಎಂದು ಕಂಗಾಲಾದರು. ನನಗೋ ಇಬ್ಬಂದಿ. ಅತ್ತ ಊರವರ ತೋಟ, ಇತ್ತ ನಮ್ಮ ಗಲ್ಲಿಯ ಕಟ್ಟಿಕೊಂಡ ಗಟಾರ.

ಬಾಟಲಿಯೂ ಇದೇ ಪಾಲಿಯೆಸ್ಟರಿನದು. ಅದು ಒಂದೇ ವಸ್ತು, ಹಾಗಾಗಿ ಬೆಲೆ ಇದೆ. ಪ್ಯಾಕೆಟ್ಟಿನಲ್ಲಿ ಮೂರು ಸೇರಿ ಒಂದಾಗಿವೆ, ಬಿಡಿಸುವುದು ಬಲು ಕಷ್ಟ. ಅಂದು ಮಾಸ್ತರ ಪಾಸ್ ಮಾಡಿದ್ದನ್ನೇ ಇಂದು ಭಂಗಾರ್‌ವಾಲಾ ಫೇಲ್ ಮಾಡಿದ. ಇಬ್ಬರೂ ನೋಡಿದ್ದು ಒಂದನ್ನೇ.