ಶಾಲೆಗೆ ಮೊದಲಿನ ಲೆಕ್ಕ: ಬಳ್ಳಾರಿಯ ಕೂಲಿಮಠದಿಂದ ನಮ್ಮೂರ ಅಂಗನವಾಡಿವರೆಗೆ

ಮನೆಗೆ ನೆಂಟರು ಬಂದಾಗ ನಾಲ್ಕೂವರೆ ವರ್ಷದ ಮಗುವನ್ನು ನಡುಮನೆಗೆ ಕರೆದು, 'ಒಂದರಿಂದ ನೂರರ ತನಕ ಹೇಳು ಪುಟ್ಟಾ' ಅನ್ನುವುದು ಈಗ ನಮ್ಮ ಹಳ್ಳಿಗಳಲ್ಲೂ ಸಾಮಾನ್ಯ. ಮಗು ಒಂದೇ ಉಸಿರಿಗೆ ಹೇಳಿ ಮುಗಿಸುತ್ತದೆ. ಎಲ್ಲರಿಗೂ ಖುಷಿ. ಅದೇ ಮಗುವಿನ ಮುಂದೆ ಒಂದು ಬುಟ್ಟಿ ಶೇಂಗಾ ಇಟ್ಟು, 'ಇದರಲ್ಲಿ ಏಳು ಕೊಡು' ಅಂದು ನೋಡಿ. ಕೆಲವು ಮಕ್ಕಳು ಸರಿಯಾಗಿ ಏಳು ಕೊಡುತ್ತವೆ. ಕೆಲವು ಕೈಗೆ ಸಿಕ್ಕಷ್ಟು ಎತ್ತಿ ಕೊಡುತ್ತವೆ.

ಇದು ದಡ್ಡತನ ಅಲ್ಲ. ಸಂಖ್ಯೆಗಳ ಹೆಸರನ್ನು ಸಾಲಾಗಿ ಹೇಳುವುದು ಒಂದು ವಿದ್ಯೆ, ಏಳು ಅಂದರೆ ಎಷ್ಟು ಅಂತ ತಿಳಿಯುವುದು ಇನ್ನೊಂದು. ಆದರೆ ನಾವು ನೆಂಟರೆದುರು ಪರೀಕ್ಷೆ ಮಾಡುವುದು ಮೊದಲನೆಯದನ್ನು ಮಾತ್ರ. ಅದನ್ನೇ ನಂಬಿ 'ಅಂಗನವಾಡೀಲಿ ಬರೀ ಆಟ, ಏನೂ ಕಲಿಸಲ್ಲ' ಅಂತ ಸಾಲ ಮಾಡಿಯಾದರೂ ಮಗುವನ್ನು ಪೇಟೆಯ ಕಾನ್ವೆಂಟಿನ ವ್ಯಾನು ಹತ್ತಿಸುತ್ತೇವೆ. ಬಾಯಿಪಾಠವೋ ಆಟವೋ ಅನ್ನುವ ಈ ಜಗಳ ಇವತ್ತಿನದೇನಲ್ಲ. ಇದರ ಬೇರು ಹುಡುಕುತ್ತ ಹೋದರೆ ಇನ್ನೂರು ವರ್ಷ ಹಿಂದಕ್ಕೆ, ಬಳ್ಳಾರಿಗೆ ಹೋಗಿ ನಿಲ್ಲುತ್ತೇವೆ.

ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಜಿಲ್ಲೆಗಳ ಕಲೆಕ್ಟರುಗಳಿಗೆ, ನಿಮ್ಮಲ್ಲಿ ಶಾಲೆ ಎಷ್ಟಿವೆ, ಅಲ್ಲಿ ಏನು ಕಲಿಸುತ್ತಾರೆ ಅಂತ ವರದಿ ಕೇಳಿದರು. ಬಳ್ಳಾರಿ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಕಳಿಸಿದ ವರದಿ ಬಹಳ ವಿವರವಾಗಿದೆ. ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು. ಸುಮಾರು ಒಂಬತ್ತು ಲಕ್ಷ ಜನಸಂಖ್ಯೆಗೆ ಇಷ್ಟೇ. ನಾವು ಕೂಲಿಮಠ, ಐಗಳ ಮಠ ಅಂತ ಕರೆಯುತ್ತಿದ್ದದ್ದು ಇಂಥ ಶಾಲೆಗಳನ್ನೇ.

ಮಗುವಿಗೆ ಐದು ತುಂಬಿದಾಗ ಓದು ಶುರು. ಶಾಲೆಯ ಗುರುಗಳನ್ನೂ ಹುಡುಗರನ್ನೂ ಮನೆಗೆ ಕರೆದು, ಗಣಪತಿ ಪೂಜೆ ಮಾಡಿ, ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಸುತ್ತಿದ್ದರು. ಆಮೇಲೆ ಶಾಲೆಯಲ್ಲಿ ನೆಲದ ಮರಳಿನ ಮೇಲೆ ಬೆರಳಿನಿಂದ ಬರೆಯುವ ಅಭ್ಯಾಸ. ಶಾಲೆ ಬೆಳಗ್ಗೆ ಆರಕ್ಕೇ ಶುರುವಾಗುತ್ತಿತ್ತಂತೆ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನ ಅಂಗೈ ಮೇಲೆ ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೇ ಒಂದೊಂದು ಏರುತ್ತಾ ಹೋಗುವುದು. ತಡವಾಗಿ ಬಂದವನು ತಾನು ಎಷ್ಟನೆಯವನು ಅಂತ ಎಣಿಸಿಕೊಂಡೇ ಒಳಗೆ ಕಾಲಿಡುತ್ತಿದ್ದ ಅನ್ನುವುದರಲ್ಲಿ ನಮಗೆ ಅನುಮಾನವಿಲ್ಲ!

ಲೆಕ್ಕದ ಪಾಠವೆಂದರೆ ಮುಖ್ಯವಾಗಿ ಮಗ್ಗಿ. ಕೂಡುವುದು, ಕಳೆಯುವುದು, ಗುಣಿಸುವುದು, ದುಡ್ಡು, ತೂಕ, ಅಳತೆ ಎಲ್ಲದರ ಕೋಷ್ಟಕವನ್ನೂ ಒಬ್ಬ ಹೇಳಿಕೊಡುವುದು, ಉಳಿದವರು ಒಕ್ಕೊರಲಿನಲ್ಲಿ ಹೇಳುವುದು. ಕೂಲಿಮಠದ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಯನ್ನು ನಮ್ಮ ಹಳಬರು ಈಗಲೂ ನೆನೆಸಿಕೊಳ್ಳುತ್ತಾರೆ. 'ಈಗಿನ ಹುಡುಗರಿಗೆ ಮುಕ್ಕಾಲು ಮಗ್ಗಿ ಬರುತ್ತಾ?' ಅಂತ ಅಜ್ಜಂದಿರು ಕೇಳುವುದುಂಟು. ಬರುವುದಿಲ್ಲ, ನಿಜ. ಆದರೆ ಅದು ಹುಡುಗರ ಸೋಮಾರಿತನದಿಂದ ಹೋದದ್ದಲ್ಲ. ರೂಪಾಯಿಗೆ ಹದಿನಾರಾಣೆ, ಸೇರಿಗೆ ನಾಲ್ಕು ಪಾವು ಇದ್ದಾಗ ಕಾಲು, ಅರೆ, ಮುಕ್ಕಾಲು ದಿನಾ ಬಾಯಿಗೆ ಬೇಕಿತ್ತು. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆಯಾಯಿತು, ಹಿಂದೆಯೇ ಕಿಲೋ, ಲೀಟರ್ ಬಂದವು. ಆ ಮಗ್ಗಿಗಳಿಗೆ ಕೆಲಸವೇ ಉಳಿಯಲಿಲ್ಲ.

ಇನ್ನೊಂದು ಮಾತನ್ನು ಮರೆಯುವ ಹಾಗಿಲ್ಲ. ಆ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು ತೀರಾ ಕಡಿಮೆ. ಊರಿನ ಬಹುಪಾಲು ಮಕ್ಕಳಿಗೆ ಕೂಲಿಮಠದ ಜಗಲಿಯೇ ದೂರ. ಹಾಗಾದರೆ ಇವರಿಗೆ ಲೆಕ್ಕ ಬರುತ್ತಿರಲಿಲ್ಲವೇ? ಬರುತ್ತಿತ್ತು, ಬೇರೆ ದಾರಿಯಿಂದ. ಕಣದಲ್ಲಿ ರಾಶಿ ಅಳೆಯುವಾಗ 'ಒಂದು' ಅನ್ನದೆ 'ಲಾಭ' ಎಂದು ಶುರು ಮಾಡಿ ಎರಡು, ಮೂರು ಎನ್ನುತ್ತ ಕೊಳಗ ಸುರಿಯುವುದನ್ನು ಮಕ್ಕಳು ಪಕ್ಕದಲ್ಲೇ ಕೂತು ಕೇಳುತ್ತಿದ್ದರು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಅನ್ನುವುದು ಅಲ್ಲಿ ಕಣ್ಣಿಗೆ ಕಾಣುವ ರಾಶಿ. ಚೌಕಾಬಾರದಲ್ಲಿ ನಾಲ್ಕು ಕವಡೆ ಬಿಟ್ಟು, ಅಂಗಾತ ಬಿದ್ದದ್ದೆಷ್ಟು ಅಂತ ನೋಡಿ ಅಷ್ಟು ಮನೆ ನಡೆಸಬೇಕು.

ಅಳಗುಳಿಮಣೆಯಂತೂ ಪುಟ್ಟ ಮಕ್ಕಳ ಲೆಕ್ಕಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕರಾವಳಿಯಲ್ಲಿ ಇದೇ ಚೆನ್ನೆಮಣೆ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕೋ ಐದೋ ಹುಣಸೆ ಬೀಜ. ಒಂದು ಗುಳಿಯ ಬೀಜ ತೆಗೆದು ಒಂದೊಂದಕ್ಕೆ ಒಂದೊಂದು ಹಾಕುತ್ತ ಹೋಗಬೇಕು. ಒಂದು ಗುಳಿಗೆ ಎರಡು ಹಾಕಿದರೆ ಎದುರಿನವಳು ಕೈ ಹಿಡಿಯುತ್ತಾಳೆ. ಶೇಂಗಾ ಎಣಿಸಲು ತಡವರಿಸುವ ಮಗುವಿಗೆ ಬೇಕಾದದ್ದು ಇದೇ ಅಭ್ಯಾಸ: ಒಂದು ವಸ್ತುವಿಗೆ ಒಂದೇ ಹೆಸರು, ಯಾವುದನ್ನೂ ಬಿಡಬಾರದು, ಯಾವುದನ್ನೂ ಎರಡು ಸಲ ಎಣಿಸಬಾರದು. ಆಟದಲ್ಲಿ ಪಳಗಿದವಳು ಗುಳಿಯಲ್ಲಿ ನಾಲ್ಕಿದೆಯೋ ಐದಿದೆಯೋ ಅಂತ ಎಣಿಸದೆ ನೋಟದಲ್ಲೇ ಹೇಳುತ್ತಾಳೆ.

ಅಂದರೆ ಒಂದೇ ಊರಿನಲ್ಲಿ ಲೆಕ್ಕ ಎರಡು ಭಾಗವಾಗಿತ್ತು. ಅಂಕಿಯೂ ಮಗ್ಗಿಯೂ ಕೂಲಿಮಠದ ಹುಡುಗರ ಪಾಲು. ಬೀಜವೂ ಕೊಳಗವೂ ಹೊರಗಿದ್ದವರ ಪಾಲು. ಬರೆದಿಟ್ಟ ಸಾಲದ ಲೆಕ್ಕ ಓದಲು ಬಾರದೆ ಮೋಸ ಹೋದವರು ಎರಡನೆಯ ಗುಂಪಿನವರೇ ಅನ್ನುವುದನ್ನು ಬೇರೆ ಹೇಳಬೇಕಿಲ್ಲ.

ಇವೆರಡನ್ನೂ ಒಂದು ಕಡೆ ತರುವ ಪ್ರಯತ್ನ ಮೊದಲು ಹೆಸರು ಮಾಡಿದ್ದು ದೂರದ ಯುರೋಪಿನಲ್ಲಿ. ಜರ್ಮನಿಯ ಫ್ರೋಬೆಲ್ 1837ರಲ್ಲಿ ಮರದ ಚೆಂಡು, ಗುಂಡು, ಘನಗಳನ್ನು ಕೊಟ್ಟು ಪುಟ್ಟ ಮಕ್ಕಳಿಗೆ ಕಲಿಸಲು ಶುರು ಮಾಡಿದರು. ಕಿಂಡರ್‌ಗಾರ್ಟನ್ ಅನ್ನುವ ಹೆಸರು ಅವರದೇ. ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದವರು ಇಟಲಿಯ ಡಾಕ್ಟರ್ ಮಾರಿಯಾ ಮಾಂಟೆಸ್ಸರಿ. 1907ರ ಜನವರಿಯಲ್ಲಿ ರೋಮ್ ನಗರದ ಬಡವರ ಬಡಾವಣೆ ಸ್ಯಾನ್ ಲೊರೆಂಜೊದಲ್ಲಿ ಅವರು 'ಮಕ್ಕಳ ಮನೆ' ತೆರೆದರು. ಅಲ್ಲಿನ ಸಾಮಾನುಗಳಲ್ಲಿ ನಮಗೆ ಬಹಳ ಹಿಡಿಸಿದ್ದು ಕಡ್ಡಿಗಳ ಪೆಟ್ಟಿಗೆ. ಅದರಲ್ಲಿ 0ಯಿಂದ 9ರವರೆಗೆ ಅಂಕಿ ಬರೆದ ಹತ್ತು ಖಾನೆ, 45 ಕಡ್ಡಿ. 3 ಅಂತ ಇರುವ ಖಾನೆಗೆ ಮೂರು ಕಡ್ಡಿ ಎಣಿಸಿ ಹಾಕಬೇಕು. ಸರಿಯಾಗಿ ಹಾಕಿದರೆ ಕೊನೆಗೆ ಕಡ್ಡಿ ಮಿಗುವುದೂ ಇಲ್ಲ, ಸಾಲದೆ ಹೋಗುವುದೂ ಇಲ್ಲ. ತಪ್ಪಾದರೆ ಟೀಚರ್ ಹೇಳುವ ಮೊದಲೇ ಮಗುವಿಗೆ ಗೊತ್ತಾಗುತ್ತದೆ. 0 ಖಾನೆ ಖಾಲಿಯಾಗಿಯೇ ಉಳಿಯುತ್ತದೆ. ಬಳ್ಳಾರಿಯ ಹುಡುಗನ ಅಂಗೈ ಮೇಲಿದ್ದ ಸೊನ್ನೆ ಇಲ್ಲಿ 'ಏನೂ ಇಲ್ಲ' ಅನ್ನುವುದಾಗಿ ಕೈಗೇ ಸಿಗುತ್ತದೆ.

ಮಾಂಟೆಸ್ಸರಿ 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದರು. ಎರಡನೇ ಮಹಾಯುದ್ಧದಿಂದಾಗಿ 1946ರ ತನಕ ಇಲ್ಲೇ ಉಳಿದು ನೂರಾರು ಶಿಕ್ಷಕರಿಗೆ ತರಬೇತಿ ಕೊಟ್ಟರು. ಆದರೆ ಅವರ ಸಾಮಾನುಗಳ ಬೆಲೆ ಹಳ್ಳಿಗೆ ನಿಲುಕುವಂಥದ್ದಲ್ಲ. ಆ ತೊಡಕು ಬಿಡಿಸಿದವರು ತಾರಾಬಾಯಿ ಮೋಡಕ್. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರ ಜೊತೆ ದುಡಿದಿದ್ದ ಅವರು 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿ ಎಂಬ ಹಳ್ಳಿಗೆ ಹೋದರು. ಅನುತಾಯಿ ವಾಘ್ ಅವರ ಜೊತೆಗಾರ್ತಿ. ಬಾಲವಾಡಿ ತೆರೆದರೆ ಬಡವರ ಮಕ್ಕಳು ಬರಲಿಲ್ಲ. ಮಕ್ಕಳು ಬರದಿದ್ದರೆ ನಾವೇ ಹೋಗೋಣ ಅಂತ ಕೇರಿಯ ಅಂಗಳಕ್ಕೇ ಹೋಗಿ ಕೂತರು. ಎಲೆ, ಕಲ್ಲು, ಬೀಜ, ಚಿಪ್ಪುಗಳೇ ಕಲಿಕೆಯ ಸಾಮಾನಾದವು. ಅಂಗಳದಲ್ಲಿ ನಡೆಯುವ ಬಾಲವಾಡಿಯೇ ಅಂಗನವಾಡಿ.

ಆ ಹೆಸರು ನಮ್ಮ ರಾಜ್ಯಕ್ಕೆ ಬಂದದ್ದು 1975ರ ಅಕ್ಟೋಬರ್ 2ರಂದು. ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಮೊದಲ ಜಾಗ ಮೈಸೂರು ಜಿಲ್ಲೆಯ ಟಿ. ನರಸೀಪುರ. ಪೌಷ್ಟಿಕ ಆಹಾರ, ಚುಚ್ಚುಮದ್ದು, ತೂಕ ನೋಡುವುದು, ಬಸುರಿ ಬಾಣಂತಿಯರ ಆರೈಕೆ, ಇವುಗಳ ಜೊತೆಗೆ ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ. ಹಸಿವಿನ ಕಾಲದಲ್ಲಿ ಅನ್ನಕ್ಕೆ ಮೊದಲ ಜಾಗ ಸಿಕ್ಕಿದ್ದು ನ್ಯಾಯವೇ. ಆದರೆ ರಿಜಿಸ್ಟರುಗಳು ಬೆಳೆಯುತ್ತಾ ಹೋದಂತೆ ಕಲಿಸುವ ಹೊತ್ತು ಕರಗುತ್ತಾ ಬಂತು. ಗೌರವಧನಕ್ಕೆ ದುಡಿಯುವ ಒಬ್ಬ ಟೀಚರಮ್ಮ ಇಷ್ಟನ್ನೂ ಮಾಡಿ, ಕೂತು ಬೀಜ ಎಣಿಸಿಸಲಿಲ್ಲ ಅಂತ ದೂರುವ ಮೊದಲು ಒಂದು ದಿನ ಅವರ ಜೊತೆ ಕೂತು ನೋಡಬೇಕು.

ಅದೇ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ನಲಿ-ಕಲಿ ಹುಟ್ಟಿತು. ಕಾರ್ಡು, ಗುಂಪು, ಚಟುವಟಿಕೆಗಳ ಮೂಲಕ ಒಂದನೇ ತರಗತಿಯನ್ನೇ ಅಂಗಳದ ಹಾಗೆ ಮಾಡುವ ಪ್ರಯತ್ನ ಅದು. 2009-10ರಲ್ಲಿ ರಾಜ್ಯದೆಲ್ಲೆಡೆ ಹರಡಿತು.

ಹಾಗಾದರೆ ಆಟವೇ ಸಾಕೇ? ಸಾಲದು. ದೆಹಲಿಯಲ್ಲಿ ನಡೆದ ಒಂದು ಅಧ್ಯಯನದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಮುಂದೆ ನೊಬೆಲ್ ಪಡೆದ ಎಸ್ತರ್ ಡುಫ್ಲೊ ಅದರಲ್ಲಿದ್ದರು. 214 ಶಾಲಾಪೂರ್ವ ಕೇಂದ್ರಗಳ 1,540 ಮಕ್ಕಳು ಅಧ್ಯಯನದಲ್ಲಿದ್ದರು. ಅವರಲ್ಲಿ ಒಂದು ಗುಂಪಿಗೆ ನಾಲ್ಕು ತಿಂಗಳು ಲೆಕ್ಕದ ಆಟ ಆಡಿಸಿದರು. ಯಾವುದು ಹೆಚ್ಚು, ಯಾವುದು ಕಡಿಮೆ ಅಂತ ಗುರುತಿಸುವುದರಲ್ಲಿ ಈ ಮಕ್ಕಳು ಮುಂದಾದರು, ಆ ಚುರುಕು ವರ್ಷ ಕಳೆದರೂ ಉಳಿಯಿತು. ಆದರೆ ಶಾಲೆ ಸೇರಿದ ಮೇಲೆ ಅಂಕಿಗಳ ಲೆಕ್ಕದಲ್ಲಿ ಅದರಿಂದ ಲಾಭ ಕಾಣಲಿಲ್ಲ. 2025ರಲ್ಲಿ ಬಂದ ಇನ್ನೊಂದು ಅಧ್ಯಯನ ಕೋಲ್ಕತ್ತ, ದೆಹಲಿಯ ಸಂತೆಗಳಲ್ಲಿ ವ್ಯಾಪಾರ ಮಾಡುವ ಮಕ್ಕಳದ್ದು. ಚಿಲ್ಲರೆ ಲೆಕ್ಕ ತಲೆಯಲ್ಲೇ ಸರಸರ ಮಾಡುವ ಅವರು ಅಷ್ಟೇ ಕಷ್ಟದ ಪುಸ್ತಕದ ಲೆಕ್ಕಕ್ಕೆ ತಡವರಿಸಿದರು. ಪುಸ್ತಕದ ಲೆಕ್ಕ ಮಾಡುವ ಶಾಲೆಯ ಮಕ್ಕಳು ಸಂತೆಯ ಲೆಕ್ಕಕ್ಕೆ ತಡವರಿಸಿದರು. ಕೂಲಿಮಠ ಮತ್ತು ಕಣ, ಮತ್ತೆ ಅದೇ ಎರಡು ಪಾಲು.

ಅಂಕಿಯೂ ಬೀಜವೂ ಒಂದೇ ಮಣೆಯ ಮೇಲೆ ಇರಬೇಕು ಅನ್ನುವುದೇ ನಮ್ಮ ವಾದ. ಐದು ಬೀಜ ಎಣಿಸಿದ ಮಗು ಆಗಲೇ ಪಕ್ಕದಲ್ಲಿ 5 ಬರೆದ ಚೀಟಿ ಇಡಬೇಕು. ಇದಕ್ಕೆ ನಮ್ಮ ಭಾಷೆಯೂ ಸಹಾಯ ಮಾಡುತ್ತದೆ. ಹದಿಮೂರು ಅಂದರೆ ಹತ್ತು ಮತ್ತು ಮೂರು, ಇಪ್ಪತ್ತು ಅಂದರೆ ಎರಡು ಹತ್ತು, ಮೂವತ್ತು ಅಂದರೆ ಮೂರು ಹತ್ತು. ಹೆಸರಿನಲ್ಲೇ ಲೆಕ್ಕ ಇದೆ. ಹುಣಸೆ ಬೀಜವನ್ನು ಹತ್ತತ್ತರ ಗುಡ್ಡೆ ಮಾಡಿದರೆ 'ಇಪ್ಪತ್ತೊಂದು' ಕಣ್ಣಿಗೇ ಕಾಣುತ್ತದೆ. ಥರ್ಟೀನ್, ಥರ್ಟಿ ನಡುವೆ ಸಿಕ್ಕಿಬಿದ್ದ ಮಗುವಿಗೆ ಈ ಅನುಕೂಲ ಇಲ್ಲ. ಇಂಗ್ಲಿಷ್ ಬೇಡ ಅನ್ನುತ್ತಿಲ್ಲ. ಲೆಕ್ಕ ಮೊದಲು ಕನ್ನಡದಲ್ಲಿ ಕೂರಲಿ.

2024ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವುದನ್ನು ವಿರೋಧಿಸಿ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಮಕ್ಕಳೆಲ್ಲ ಅತ್ತ ಹೋದರೆ ನಮ್ಮ ಗತಿ ಏನು ಅನ್ನುವುದು ಅವರ ಪ್ರಶ್ನೆ. ಆಮೇಲೆ ಅಂಗನವಾಡಿಯಲ್ಲೇ ಅವನ್ನು ನಡೆಸುವ ಮಾತು ಬಂತು, 'ಸರ್ಕಾರಿ ಮಾಂಟೆಸ್ಸರಿ' ಅನ್ನುವ ಹೆಸರೂ ಕೇಳಿಬಂತು. ಬೋರ್ಡು ಬದಲಾಗುವುದು ಸುಲಭ. ನಿಮ್ಮೂರ ಅಂಗನವಾಡಿಯ ಬಾಲವಿಕಾಸ ಸಮಿತಿ ಸಭೆ ಕರೆದಾಗ ಹೋಗಿ ಎರಡು ವಿಷಯ ಕೇಳಿ: ಟೀಚರಮ್ಮನಿಗೆ ಬೆಳಗ್ಗೆ ರಿಜಿಸ್ಟರು, ಫೋನು ಇಲ್ಲದೆ ಮಕ್ಕಳ ಜೊತೆ ಕೂರಲು ಎಷ್ಟು ಹೊತ್ತು ಸಿಗುತ್ತದೆ? ಎಣಿಸಲು ಅಲ್ಲಿ ಏನಿದೆ? ಏನೂ ಇಲ್ಲ ಅಂದರೆ, ಹುಣಸೆ ಹಣ್ಣು ಬಿಡಿಸಿದ ಮನೆಯಿಂದ ಒಂದು ಡಬ್ಬಿ ಬೀಜ ತಂದುಕೊಡಬಹುದು.